ಮೂರನೇ ಮಹಡಿಯ ಸರಾಸರಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. ಈ ಕ್ಲಿನಿಕ್ಕಿಗೆ ಬರೋ ಎಲ್ಲರಿಗೂ ಇದು ಗೊತ್ತು. ಇಪ್ಪತ್ತಾರು ವರ್ಷದಿಂದ ಇದೇ ಎರಡು ಕೋಣೆ, ಇದೇ ಉದ್ದನೆ ಬೆಂಚು. ಚೀಟಿ ಬರೆಯೋಳೂ ನಾನೇ, ಬಿಪಿ ನೋಡೋಳೂ ನಾನೇ, ಸೂಜಿ ಚುಚ್ಚೋಳೂ ನಾನೇ. ಡಾಕ್ಟರುಗಳು ಬರ್ತಾರೆ, ಹೋಗ್ತಾರೆ. ಸಿಸ್ಟರ್ ಮಾತ್ರ ಅವಳೇ. ಮೀಟರಣ್ಣನ ವಿಷಯ ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳ್ಕೊಂಡರೆ ಹಗುರ ಆಗುತ್ತೆ ಅಂತ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು, ಅದಕ್ಕೇ ಹೇಳೋಕೆ ಭಯ.

ಮೀಟರಣ್ಣ ಅಂದರೆ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬರ್ಕೊಳ್ಳೋರು. ಅವರನ್ನ ಹೆಸರು ಹಿಡಿದು ಕರೆದದ್ದು ನಾನು ಕೇಳೇ ಇಲ್ಲ. ಅವರ ಹೆಂಡತಿ ಕೂಡ ‘ನಮ್ಮನೆಯವರು’ ಅಂತಲೇ ಅನ್ನೋದು. ಐವತ್ತು ದಾಟಿದ ಮನುಷ್ಯ, ಒಣಕಲು ಮೈ, ಕಿವಿ ಮೇಲೆ ಸದಾ ಒಂದು ಮೋಟು ಪೆನ್ಸಿಲ್. ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿ ಒಂದೇ ಬಡಾವಣೆಯ ಏಳು ಬೀದಿ ಸುತ್ತಿ ಸುತ್ತಿ ಚಪ್ಪಲಿ ಸವೆಸಿದವರು. ಅವರಿಗೆ ಜನರ ಮುಖಕ್ಕಿಂತ ಮನೆ ನಂಬರು ಬೇಗ ನೆನಪಾಗೋದು. ‘ಸಿಸ್ಟರ್, ಆ ಹದಿನೇಳು ಬಾರ್ ಎರಡಕ್ಕೆ ಕೆಮ್ಮು ಜಾಸ್ತಿ ಇದೆ, ನನಗಿಂತ ಮುಂಚೆ ಒಳಗೆ ಕಳಿಸಿ’ ಅನ್ನೋರು. ನಾನು ರೇಗಿದರೆ, ‘ನಿಮ್ಮ ಮೀಟರು ವಿಪರೀತ ಜೋರಾಗಿ ತಿರುಗ್ತಿದೆ, ಎಲ್ಲೋ ಲೀಕ್ ಆಗ್ತಿರಬೇಕು, ನೋಡಿಸ್ಕೊಳ್ಳಿ’ ಅಂತ ತಮಾಷೆ. ನನ್ನನ್ನ ಗೇಲಿ ಮಾಡೋ ಧೈರ್ಯ ಆ ಬೆಂಚಿನ ಮೇಲೆ ಬೇರೆ ಯಾರಿಗೂ ಇರಲಿಲ್ಲ. ಅವರು ಮಾಡಿದರೆ ನನಗೂ ನಗು ಬರ್ತಿತ್ತು.

ಅಂಥ ಮನುಷ್ಯ ಒಂದು ಬೆಳಿಗ್ಗೆ ಎದೆ ಹಿಡ್ಕೊಂಡು ಬಂದರು. ಎದೆ ಮಧ್ಯೆ ಯಾರೋ ಮೊಣಕೈ ಊರಿ ಒತ್ತಿದ ಹಾಗೆ, ಎಡಗೈ ಜುಮ್ಮು, ಉಸಿರು ಅರ್ಧಕ್ಕೇ ನಿಲ್ಲುತ್ತೆ ಅಂದರು. ಇಸಿಜಿ ತೆಗೆದೆವು, ಸರಿಯಾಗಿತ್ತು. ತಿಂಗಳು ಬಿಟ್ಟು ಮತ್ತೆ ಬಂದರು. ದೊಡ್ಡಾಸ್ಪತ್ರೆಗೆ ಕಳಿಸಿದೆವು, ಮಿಷನ್ ಮೇಲೆ ಓಡಿಸಿ ನೋಡಿದರು, ಹೊಟ್ಟೆಗೆ ನಳಿಕೆ ಹಾಕಿ ನೋಡಿದರು, ರಕ್ತ ಎಳೆದು ಎಳೆದು ನೋಡಿದರು. ಎಲ್ಲಾ ಸರಿಯಾಗಿದೆ ಅಂತ ದಪ್ಪನೆ ಫೈಲು ಕೊಟ್ಟು ಕಳಿಸಿದರು. ಆಗಿದ್ದ ನಮ್ಮ ದೊಡ್ಡ ಡಾಕ್ಟರು ಗ್ಯಾಸ್ ಅಂದರು. ಒಂದೂವರೆ ವರ್ಷ ಗ್ಯಾಸಿನ ಮಾತ್ರೆ ನುಂಗಿ ನುಂಗಿ ಮನುಷ್ಯ ಇನ್ನೂ ಒಣಗಿದರು. ‘ರಿಪೋರ್ಟೆಲ್ಲ ಚೆನ್ನಾಗಿದೆ ಅಂತೀರಿ, ಮನುಷ್ಯ ಚೆನ್ನಾಗಿಲ್ವಲ್ಲ’ ಅಂತ ಅವರ ಹೆಂಡತಿ ನನ್ನ ತಲೆ ತಿನ್ನೋಳು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಆಮೇಲೆ ದೊಡ್ಡ ಡಾಕ್ಟರು ರಿಟೈರಾಗಿ ಮರಿ ಡಾಕ್ಟರು ಬಂದರು. ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಒಬ್ಬೊಬ್ಬರನ್ನೂ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡೋರು, ಹೊರಗೆ ಬೆಂಚು ತುಂಬಿ ಜನ ನನ್ನ ಮೇಲೆ ಬೀಳೋರು. ಮೀಟರಣ್ಣನ ಫೈಲು ಪೂರ್ತಿ ಓದಿ ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ.

‘ನಿಮ್ಮ ನೋವು ಸುಳ್ಳಲ್ಲ. ಇದನ್ನ ಮೊದಲು ತಿಳ್ಕೊಳ್ಳಿ. ನಾಚಿಕೆ ಆದಾಗ ಮುಖ ಕೆಂಪಾಗುತ್ತಲ್ಲ, ಮುಖಕ್ಕೆ ಕಾಯಿಲೆ ಅಂತೀವಾ? ಭಯ ಆದಾಗ ಹೊಟ್ಟೆ ಕಲಕುತ್ತೆ. ಮನಸ್ಸು ಹೊತ್ಕೊಂಡಿದ್ದನ್ನ ಮೈಯೂ ಹೊರುತ್ತೆ. ನಿಮ್ಮ ಮೈ ಏನೋ ಹೊರ್ತಿದೆ, ಏನು ಅಂತ ಇಬ್ಬರೂ ಸೇರಿ ನೋಡೋಣ.’

ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ ಇಡಿಸಿ ನಿಧಾನವಾಗಿ ಉಸಿರಾಡೋದು ಕಲಿಸಿದರು. ಹೊಟ್ಟೆ ಮೇಲಿನ ಕೈ ಏಳಬೇಕು, ಎದೆ ಮೇಲಿನದು ಸುಮ್ಮನಿರಬೇಕು. ಕಾಲಿನ ಬೆರಳಿಂದ ಶುರುಮಾಡಿ ಒಂದೊಂದೇ ಭಾಗ ಬಿಗಿ ಹಿಡಿದು ಸಡಿಲ ಬಿಡೋದು ಹೇಳಿಕೊಟ್ಟರು. ನಾನು ಒಳಗೊಳಗೇ ನಕ್ಕೆ. ಉಸಿರಾಡೋಕೂ ಡಾಕ್ಟರು ಬೇಕಾ ಅಂತ. ಕೊನೆಗೆ ಒಂದು ನೋಟ್‌ಬುಕ್ ಕೊಟ್ಟು, ದಿನಕ್ಕೆ ನಾಲ್ಕು ಸಲ ಬರೀಬೇಕು ಅಂದರು: ಎಷ್ಟು ಹೊತ್ತಿಗೆ, ಎಲ್ಲಿದ್ದೆ, ಏನು ನಡೀತಿತ್ತು, ನೋವು ಹತ್ತರಲ್ಲಿ ಎಷ್ಟು.

‘ಬರೆಯೋದು ನನಗೆ ಬಿಡಿ ಸಾರ್, ಮೂವತ್ತು ವರ್ಷದಿಂದ ಅದೇ ಕಸುಬು’ ಅಂದರು ಮೀಟರಣ್ಣ.

ಮೂರು ವಾರ ಆದಮೇಲೆ ತಂದರು. ಗೆರೆ ಎಳೆದ ಚಂದ ಏನು, ಮುತ್ತಿನಂಥ ಅಕ್ಷರ ಏನು. ಮರಿ ಡಾಕ್ಟರು ಪುಟ ತಿರುವಿ ಖುಷಿಪಟ್ಟರು. ಮೊದಲ ಮೂರು ಸಲ ಏಳು, ಎರಡು, ಮೂರು ಅಂತಿತ್ತು. ಆಮೇಲೆ ಕೊನೆತನಕ ನಾಲ್ಕು, ನಾಲ್ಕು, ನಾಲ್ಕು. ಏರಿಳಿತ ನಿಂತಿದೆ, ಒಳ್ಳೇ ಲಕ್ಷಣ ಅಂದರು. ನಾನು ಒಪ್ಪಲಿಲ್ಲ. ಯಾಕೆ ಅಂದರೆ ಎರಡನೇ ವಾರದ ಮಂಗಳವಾರ ಇದೇ ಮನುಷ್ಯ ನಮ್ಮ ಬೆಂಚಿನ ಮೇಲೆ ಬಿಳಿಚಿಕೊಂಡು ಕೂತಿದ್ದರು, ಅಂಗಿ ಬೆವರಿಗೆ ತೊಯ್ದಿತ್ತು, ನಾನೇ ನೀರು ಕುಡಿಸಿದ್ದೆ. ಆ ಮಂಗಳವಾರಕ್ಕೂ ನಾಲ್ಕೇ ಇತ್ತು. ನೋಟ್‌ಬುಕ್ ಕಿತ್ಕೊಂಡು ಅವರನ್ನ ಇಂಜೆಕ್ಷನ್ ಕೋಣೆಗೆ ಎಳ್ಕೊಂಡು ಹೋದೆ.

‘ಏನ್ರೀ ಇದು?’

‘ಬರೆಯೋಕೆ ಆಗ್ಲಿಲ್ಲ ಸಿಸ್ಟರ್. ನೋವು ಬಂದಾಗ ಅದರ ಕಡೆ ನೋಡೋಕೇ ಆಗಲ್ಲ. ಅದಕ್ಕೇ ಮೊದಲಿನ ಮೂರು ಕೂಡಿಸಿ ಭಾಗಿಸಿ ಹಾಕಿದೆ. ಬಾಗಿಲು ಹಾಕಿದ ಮನೆಗೆ ನಾವು ಮಾಡೋದೂ ಹಾಗೇ. ಹಿಂದಿನ ಮೂರು ತಿಂಗಳು ನೋಡಿ ಸರಾಸರಿ ಬರೀತೀವಿ. ಖಾಲಿ ಬಿಟ್ರೆ ಮೇಲಿನವರು ಬೈತಾರೆ.’

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವಾರ ಆ ಹುಡುಗ ಡಾಕ್ಟರು ಇವರಿಗಾಗಿ ಪುಸ್ತಕ ಓದಿದ್ದು ನನಗೆ ಗೊತ್ತು. ಬಾಯಿಗೆ ಬಂದದ್ದು ಬೈದೆ. ‘ಕೆಳಗೇ ನಿಂತ್ಕೊಂಡು, ಮೇಲೆ ಹತ್ತಿ ನೋಡದೆ ಬರೆಯೋಕೆ ಇದೇನು ನಿಮ್ಮ ಆಫೀಸಿನ ಪುಸ್ತಕಾನಾ? ಹೀಗೆ ಬರೆದಿದ್ದನ್ನ ನಂಬಿದ್ರೆ ಒಂದಲ್ಲ ಒಂದು ದಿನ ಯಾರದಾದ್ರೂ ಪ್ರಾಣ ಹೋಗುತ್ತೆ’ ಅಂದೆ.

ಅವರು ಗೋಡೆಗೆ ಬೆನ್ನು ಕೊಟ್ಟು ಹಾಗೇ ಜಾರಿ ನೆಲದ ಮೇಲೆ ಕೂತರು.

‘ಹೋಯ್ತು ಸಿಸ್ಟರ್. ಎರಡು ವರ್ಷ ಆಯ್ತು’ ಅಂದರು.

ಅವರು ಹೇಳಿದ್ದು ಇಷ್ಟು. ಅವರ ಐದನೇ ಬೀದಿಯಲ್ಲಿ ಒಂದು ಹಳೇ ಕಟ್ಟಡ, ಮೂರು ಮಹಡಿ, ಲಿಫ್ಟ್ ಇಲ್ಲ. ಮೀಟರು ಆಯಾ ಮನೆ ಬಾಗಿಲ ಪಕ್ಕದಲ್ಲೇ. ಮೂರನೇ ಮಹಡಿಯಲ್ಲಿ ಹೊಲಿಗೆ ಟೀಚರ್ ಆಗಿ ರಿಟೈರಾದ ಒಬ್ಬ ಮುದುಕಿ ಒಬ್ಬರೇ ಇದ್ದರು. ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೀಟರಣ್ಣ ಕೆಳಗಿನ ಮನೆಗಳನ್ನ ಮುಗಿಸಿ ಮೆಟ್ಟಿಲ ಹತ್ತಿರ ನಿಂತರು. ಆ ದಿನ ಮಂಡಿ ನೋವು. ಎಪ್ಪತ್ತಾರು ಮೆಟ್ಟಿಲು. ಆ ಮನೆಯಲ್ಲಿ ಕರೆಂಟು ಉರಿಯೋದೇ ಒಂದು ದೀಪ, ಒಂದು ಫ್ಯಾನು. ತಿಂಗಳು ತಿಂಗಳೂ ಅದೇ ಅಂಕಿ. ಪೆನ್ಸಿಲ್ ತೆಗೆದು, ಬಾಗಿಲು ಹಾಕಿದೆ, ಕರೆದರೂ ಉತ್ತರ ಇಲ್ಲ, ಸರಾಸರಿ ಅಂತ ಬರೆದು ಮುಂದಿನ ಕಟ್ಟಡಕ್ಕೆ ಹೋದರು. ಮುದುಕಿ ಸೊಂಟ ಮುರ್ಕೊಂಡು ಬಾಗಿಲ ಹತ್ತಿರ ಬಿದ್ದಿದ್ದರು. ಮಂಗಳವಾರ ಸಂಜೆ ಮಗಳು ಬಂದು ಬಾಗಿಲು ತೆಗೆದಾಗ ಜೀವ ಇರಲಿಲ್ಲ.

‘ಆವತ್ತು ಮೇಲೆ ಏನೋ ಬಡಿಯೋ ಸದ್ದು ಬರ್ತಿತ್ತು ಸಿಸ್ಟರ್. ಟಕ್, ಟಕ್ ಅಂತ. ಯಾರೋ ಮೊಳೆ ಹೊಡೀತಿದಾರೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಅವರ ಕೈಯಲ್ಲಿ ಸ್ಟೀಲ್ ಲೋಟ ಇತ್ತಂತೆ.’

ನಾನೂ ಅವರ ಪಕ್ಕ ನೆಲದ ಮೇಲೆ ಕೂತೆ. ಅವರು ಇನ್ನೂ ಮುಗಿಸಿರಲಿಲ್ಲ.

ಆ ಮಗಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡೋಳು. ಪ್ರತಿ ಸೋಮವಾರ ಸಂಜೆ ಅಂಗಡಿ ಮುಗಿಸಿ ಅಮ್ಮನ ಮನೆಗೆ ಹೋಗೋದು ಅವಳ ರೂಢಿ. ಆ ಸೋಮವಾರ ಒಂದು ಸಲ ಮಾತ್ರ ಜೊತೆಯವರು ಕರೆದರು ಅಂತ ಸಿನಿಮಾಗೆ ಹೋಗಿ, ಅಮ್ಮನಿಗೆ ನಾಳೆ ಬರ್ತೀನಿ ಅಂತ ಫೋನ್ ಮಾಡಿದ್ದಳು. ಫೋನ್ ಎತ್ತಲಿಲ್ಲ, ಮಲಗಿರಬೇಕು ಅಂದ್ಕೊಂಡಳು. ಅಮ್ಮ ಸತ್ತಮೇಲೆ ಅವಳು ಅನ್ನ ನೀರು ಬಿಟ್ಟಳು. ಸೋಮವಾರ ಸಂಜೆ ಹೋಗಿದ್ದರೆ ಅಮ್ಮ ಬದುಕ್ತಿದ್ದಳಾ ಅಂತ ಡಾಕ್ಟರುಗಳನ್ನ ಕೇಳಿದಳು. ಯಾವ ಹೊತ್ತಿಗೆ ಜೀವ ಹೋಯಿತು ಅಂತ ಅವರಿಗೂ ಖಚಿತ ಹೇಳೋಕಾಗಲಿಲ್ಲ. ಆಗ ಯಾರೋ ಹೇಳಿದರಂತೆ, ಸೋಮವಾರ ಮೀಟರ್ ನೋಡೋರು ಬಂದಿರ್ತಾರೆ, ಅವರನ್ನ ಕೇಳು ಅಂತ. ಆಫೀಸಿಗೆ ಬಂದಳು. ಪುಸ್ತಕ ತೆಗೆಸಿ ನೋಡಿದಳು. ಸೋಮವಾರ ಹತ್ತು ಗಂಟೆ, ಕರೆದರೂ ಉತ್ತರ ಇಲ್ಲ. ಅಂದರೆ, ಅವಳ ಲೆಕ್ಕದಲ್ಲಿ, ಬೆಳಿಗ್ಗೆಯೇ ಅಮ್ಮ ಹೋಗಿಬಿಟ್ಟಿದ್ದಳು. ಸಂಜೆ ತಾನು ಹೋಗಿದ್ದರೂ ಅಷ್ಟೇ, ಹೋಗದಿದ್ದರೂ ಅಷ್ಟೇ.

‘ಆ ಸಾಲಿನ ಮೇಲೆ ಬೆರಳಿಟ್ಕೊಂಡು ಅತ್ತಳು ಸಿಸ್ಟರ್. ಆಮೇಲೆ ನನ್ನ ಎರಡೂ ಕೈ ಹಿಡ್ಕೊಂಡು, ಅಣ್ಣಾ, ನೀವು ಬಾಗಿಲು ತಟ್ಟಿದ್ದಕ್ಕೆ ನಾನು ಉಳ್ಕೊಂಡೆ ಅಂದಳು. ಮಾರನೇ ದಿನದಿಂದ ಎದೆ ಹಿಡಿಯೋಕೆ ಶುರುವಾಯ್ತು.’

ಅವತ್ತೇ ಅವರನ್ನ ಮರಿ ಡಾಕ್ಟರ ಮುಂದೆ ಕೂರಿಸಿ ಎಲ್ಲಾ ಹೇಳಿಸಿದೆ. ಬೆಂಚಿನ ಜನ ಗಲಾಟೆ ಮಾಡಿದರು, ಬಾಯಿ ಮುಚ್ಚಿ ಅಂದೆ. ಹೇಳಿ ಮುಗಿಸಿದಾಗ ಮೀಟರಣ್ಣನ ನಾಡಿ ಎಷ್ಟೋ ಇಳಿದಿತ್ತು. ಹತ್ತು ದಿನ ಚೆನ್ನಾಗಿದ್ದರು, ಊಟ ಸೇರಿತು, ನಿದ್ದೆ ಬಂತು. ಉಸಿರಾಟವನ್ನ ಮನಸ್ಸಿಟ್ಟು ಮಾಡಿದರು. ನಾನೂ ನಗೋದು ಬಿಟ್ಟು ಮನೆಯಲ್ಲಿ ಬಾಗಿಲು ಹಾಕ್ಕೊಂಡು ಹೊಟ್ಟೆ ಮೇಲೆ ಕೈ ಇಟ್ಟು ಮಾಡಿ ನೋಡಿದೆ. ಆಮೇಲೆ ನೋವು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಕೆಲಸದಲ್ಲೂ ಗೋಳು. ಎರಡು ವರ್ಷದಿಂದ ಅವರು ಒಂದೇ ಒಂದು ಸರಾಸರಿ ಬರೆದಿರಲಿಲ್ಲ. ಎಷ್ಟೇ ಮೆಟ್ಟಿಲಿದ್ದರೂ ಹತ್ತೋರು, ತಟ್ಟೋರು, ಕಾಯೋರು, ಕಿಟಕಿಗೆ ಕಿವಿ ಕೊಡೋರು. ಮಧ್ಯಾಹ್ನಕ್ಕೆ ಮುಗಿಯೋ ಬೀದಿ ಕತ್ತಲಾದರೂ ಮುಗೀತಿರಲಿಲ್ಲ. ಇಷ್ಟಾದರೂ ಒಂದು ಲೋಟ ನೆಲಕ್ಕೆ ಬಿದ್ದ ಸದ್ದು ಕೇಳಿದರೆ ಎದೆ ಹಿಡ್ಕೊಂಡು ಕೂತುಬಿಡೋರು.

ಮರಿ ಡಾಕ್ಟರು, ಆ ಮಗಳಿಗೆ ಒಂದು ಕಾಗದ ಬರೀರಿ, ಆದರೆ ಕಳಿಸಬೇಡಿ, ಬರೆದು ಹರಿದು ಹಾಕಿ, ಬರೆಯೋದರಲ್ಲೂ ಗುಣ ಇದೆ ಅಂದರು. ‘ಅರ್ಧ ಒಳಗಿಟ್ಕೊಂಡು ಅರ್ಧ ಬರೀಬೇಡಿ, ಪೂರ್ತಿ ಬರೀರಿ’ ಅಂದರು.

ಮೀಟರಣ್ಣ ತಲೆ ಅಲ್ಲಾಡಿಸಿದರು. ‘ಬರೆದೇ ಹಾಳಾದವನು ಸಾರ್ ನಾನು. ನನ್ನ ಬರವಣಿಗೆ ಮೇಲೆ ನನಗೇ ನಂಬಿಕೆ ಇಲ್ಲ. ಆ ಹುಡುಗಿ ಮುಖ ನೋಡಿ ಹೇಳಿದ್ರೇ ಇದು ಹೋಗೋದು.’

‘ಅದು ನಿಮ್ಮೊಬ್ಬರ ವಿಷಯ ಅಲ್ಲ. ಅವಸರ ಬೇಡ. ನಾನು ರಜೆ ಮುಗಿಸಿ ಬರ್ತೀನಿ, ಆಮೇಲೆ ಕೂತು ಯೋಚಿಸೋಣ’ ಅಂದು ಮರಿ ಡಾಕ್ಟರು ತಮ್ಮ ತಂಗಿಯ ಮದುವೆಗೆ ಎರಡು ವಾರ ಹೋದರು.

ಇಲ್ಲಿಂದ ಮುಂದೆ ತಪ್ಪು ನನ್ನದು. ಬೇರೆ ಯಾರ ತಲೆಗೂ ಕಟ್ಟಲ್ಲ.

ಐದನೇ ದಿನಕ್ಕೆ ಅವರ ಹೆಂಡತಿ ಅಳ್ತಾ ಬಂದಳು. ಮೂರು ದಿನದಿಂದ ಊಟ ಬಿಟ್ಟಿದ್ದಾರೆ, ಸ್ನಾನದ ಮನೆಯಲ್ಲಿ ಬಿದ್ದರು, ಏನು ಕೇಳಿದರೂ ತುಟಿ ಪಿಟಕ್ಕನ್ನಲ್ಲ ಅಂದಳು. ‘ಸಿಸ್ಟರ್, ನನ್ನ ಮನೆ ದೀಪ ಆರಿಹೋಗ್ತಿದೆ’ ಅಂತ ನನ್ನ ಸೆರಗು ಹಿಡ್ಕೊಂಡಳು. ಹಿಂದೇನೇ ಮೀಟರಣ್ಣ ನಿಂತಿದ್ದರು, ಅಂಗಿ ಒಳಗೆ ಮನುಷ್ಯ ಇದ್ದಾರೋ ಇಲ್ಲವೋ ಅನ್ನೋ ಹಾಗೆ. ಬಿಪಿ ನೋಡಿದೆ, ಇಸಿಜಿ ತೆಗೆದೆ. ಸರಿಯಾಗಿತ್ತು. ಆ ಸರಿಯಾಗಿತ್ತು ಅನ್ನೋ ಮಾತು ಕೇಳಿ ಕೇಳಿ ನನಗೆ ಹುಚ್ಚು ಹಿಡಿಯೋದೊಂದು ಬಾಕಿ.

ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ‘ಹೋಗಿ ಹೇಳಿಬಿಡಿ. ಆ ಹುಡುಗಿಗೆ ವಯಸ್ಸಿದೆ, ತಡ್ಕೋತಾಳೆ. ನಿಮ್ಮ ಎದೆ ತಡ್ಕೊಳ್ಳಲ್ಲ.’

‘ಡಾಕ್ಟರು ಬೇಡ ಅಂದ್ರಲ್ಲ.’

‘ಡಾಕ್ಟರು ಮದುವೆ ಊಟ ಮಾಡ್ತಿದಾರೆ. ಇಲ್ಲಿ ನಿಮ್ಮನ್ನ ನೋಡ್ತಿರೋಳು ನಾನು.’

ಅವರು ಸುಮಾರು ಹೊತ್ತು ನನ್ನ ಮುಖ ನೋಡಿದರು. ಬೇಡ ಅನ್ನೋಕೆ ನನಗೆ ಅಷ್ಟು ಹೊತ್ತಿತ್ತು, ಅನ್ನಲಿಲ್ಲ. ಹೆಂಡತಿ ಕೈ ಹಿಡ್ಕೊಂಡು ನಡೆಸ್ಕೊಂಡು ಹೋದಳು.

ನಾಲ್ಕು ದಿನ ಬಿಟ್ಟು ಒಬ್ಬರೇ ಬಂದರು. ಕ್ಷೌರ ಮಾಡಿಸ್ಕೊಂಡಿದ್ದರು, ಕಿವಿ ಮೇಲೆ ಪೆನ್ಸಿಲ್ ಇತ್ತು. ಎರಡು ರಾತ್ರಿ ಸತ್ತ ಹಾಗೆ ನಿದ್ದೆ ಮಾಡಿದೆ ಅಂದರು. ಎದೆ ಮೇಲೆ ಕೈ ಇಟ್ಟು, ‘ಇಲ್ಲಿ ಏನೂ ಇಲ್ಲ ಸಿಸ್ಟರ್, ಖಾಲಿ’ ಅಂದರು. ನನಗೆ ಆದ ಸಂತೋಷಕ್ಕೆ ಕುಣಿಯೋದೊಂದು ಬಾಕಿ.

‘ಅವಳು ಏನಂದಳು?’

‘ಏನೂ ಅನ್ಲಿಲ್ಲ. ಕೌಂಟರ್ ಮೇಲೆ ಒಂದು ಕನ್ನಡಕ ಒರೆಸ್ತಿದ್ದಳು. ಕೊನೆತನಕ ಅದನ್ನೇ ಒರೆಸಿದಳು. ಆಮೇಲೆ, ಆಯ್ತು ಅಣ್ಣಾ, ನಿಮ್ಮ ಮೇಲೆ ನನಗೆ ಕೋಪ ಇಲ್ಲ, ಹೋಗ್ಬನ್ನಿ ಅಂದಳು.’

‘ಹತ್ತಿ ನೋಡಿಲ್ಲ ಅಂತ ಅಷ್ಟೇ ಹೇಳಿದ್ರಾ?’

‘ಎಲ್ಲಾ ಹೇಳಿದೆ. ಸದ್ದಿನ ವಿಷಯಾನೂ ಹೇಳಿದೆ.’

‘ಅಯ್ಯೋ, ಅದನ್ಯಾಕೆ ಹೇಳೋಕೆ ಹೋದ್ರಿ?’

‘ಅರ್ಧ ಒಳಗಿಟ್ಕೋಬೇಡಿ ಅಂತ ಡಾಕ್ಟರೇ ಹೇಳಿದ್ರಲ್ಲ’ ಅಂದರು, ಏನೂ ಅರಿಯದವರ ಹಾಗೆ.

ಹತ್ತು ಗಂಟೆಗೆ ಬಡೀತಿದ್ದ ಜೀವ ಸಂಜೆ ಆರಕ್ಕೂ ಇದ್ದಿರಬಹುದು ಅಂತ ಲೆಕ್ಕ ಹಾಕೋಕೆ ಯಾರಿಗೂ ಕಷ್ಟ ಇಲ್ಲ. ಮರಿ ಡಾಕ್ಟರು ರಜೆಯಿಂದ ಬಂದಮೇಲೆ ಎಲ್ಲಾ ಒಪ್ಪಿಸಿದೆ. ಅವರು ಬೈಯಲಿಲ್ಲ. ‘ನಾನು ಬರೋತನಕ ಕಾಯಬಾರದಿತ್ತಾ ಸಿಸ್ಟರ್’ ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮೀಟರಣ್ಣ ಗಟ್ಟಿಮುಟ್ಟಾಗಿದ್ದಾರೆ. ಮೈ ತುಂಬ್ಕೊಂಡಿದೆ, ಮೆಟ್ಟಿಲು ಎಷ್ಟಿದ್ದರೂ ಹತ್ತುತ್ತಾರೆ. ತಿಂಗಳಿಗೊಂದು ಸಲ ಕ್ಲಿನಿಕ್ಕಿನ ಮೀಟರ್ ನೋಡೋಕೆ ಬಂದಾಗ, ‘ನಿಮ್ಮ ಉಪಕಾರ ಸಿಸ್ಟರ್, ಸಾಯೋತನಕ ಮರೆಯಲ್ಲ’ ಅಂತಾರೆ. ಔಷಧಿ ಬೀರುವಿನಲ್ಲಿ ಏನೋ ಹುಡುಕೋ ಹಾಗೆ ತಿರುಗಿ ನಿಂತ್ಕೋತೀನಿ.

ಹೋದ ವಾರ ಬೆಂಚಿನ ಮೇಲೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಇದೆ, ಅನ್ನ ಇಳಿಯಲ್ಲ, ಮಾತಾಡೋವಾಗ ಉಸಿರು ಕಟ್ಟುತ್ತೆ ಅಂದಳು. ಗಂಟಲಿನ ಡಾಕ್ಟರ ಹತ್ತಿರ ಎರಡು ಸಲ ನೋಡಿಸಿದ್ದಳು, ಕ್ಯಾಮೆರಾ ಇಳಿಸಿದ್ದರು, ಏನೂ ಇಲ್ಲ ಅಂದಿದ್ದರು. ಎಷ್ಟು ದಿನದಿಂದ ಅಂದೆ. ನಾಲ್ಕು ತಿಂಗಳಿಂದ ಅಂದಳು. ಎಲ್ಲಿ ಕೆಲಸ ಅಂದೆ. ಕನ್ನಡಕದಂಗಡಿ ಅಂದಳು.

ಚೀಟಿಯನ್ನ ಅರ್ಧಕ್ಕೇ ಬಿಟ್ಟೆ. ಅವಳನ್ನ ಒಳಗೆ ಕರ್ಕೊಂಡು ಹೋಗಿ ಬಿಪಿ ಪಟ್ಟಿ ಕಟ್ಟಿದೆ. ಮರಿ ಡಾಕ್ಟರು ಫೈಲು ಪೂರ್ತಿ ಓದಿ, ನಿಮ್ಮ ತೊಂದರೆ ಸುಳ್ಳಲ್ಲ ಅಂತ ಶುರುಮಾಡಿದರು. ಶುರುವಾಗೋ ಮುಂಚೆ ಏನಾದರೂ ನಡೀತಾ ಅಂತ ಮೆತ್ತಗೆ ಕೇಳಿದರು. ಅವಳು ಮುಚ್ಚಿಡಲಿಲ್ಲ. ಅಮ್ಮ, ಸೋಮವಾರ, ಸಿನಿಮಾ, ಲೋಟದ ಸದ್ದು, ಎಲ್ಲಾ ಹೇಳಿದಳು. ಡಾಕ್ಟರು ಒಂದು ಸಲ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದರು.

‘ಆ ಮೀಟರಣ್ಣ ಒಳ್ಳೆಯವರು, ಪಾಪ’ ಅಂದಳು ಅವಳು. ‘ಹೇಳದೆ ಇರೋಕೆ ಆಗ್ಲಿಲ್ಲ ಅಂತ ಅತ್ತರು. ಅವರನ್ನ ನಿಜವಾಗ್ಲೂ ಕ್ಷಮಿಸಿದೀನಿ. ಆದ್ರೆ ಊಟಕ್ಕೆ ಕೂತು ಲೋಟ ಎತ್ತಿಕೊಂಡ್ರೆ ಗಂಟಲು ಮುಚ್ಕೊಳ್ಳುತ್ತೆ.’

ಡಾಕ್ಟರು ಎಲ್ಲರನ್ನೂ ಕೇಳೋದನ್ನೇ ಕೇಳಿದರು. ‘ಇದನ್ನ ಯಾರ ಹತ್ರ ಹೇಳ್ಕೊಂಡ್ರೆ ನಿಮಗೆ ಹಗುರ ಆಗಬಹುದು ಅನ್ಸುತ್ತೆ?’

‘ಅಮ್ಮನ ಹತ್ರ’ ಅಂದಳು.

ನಾನು ಚೀಟಿ ಎತ್ತಿಕೊಂಡೆ. ಅವಳ ಬಿಪಿ ಸರಿಯಾಗಿತ್ತು. ಸರಿಯಾಗಿದೆ ಅಂತ ನಾನೇ ಬರೆದೆ.